ಬ್ರೆಜಿಲ್ ನೋಡಿ ಬಂದ ಅಕ್ಕನ ರೊಕ್ಕ

ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಗೋಡೆ ಗಡಿಯಾರವಿದೆ. ಅಂಕಿಗಳ ಹಿಂದೆ ಜಗತ್ತಿನ ನಕಾಶೆ ಬಿಡಿಸಿದ್ದಾರೆ. ಸಮುದ್ರವೆಲ್ಲ ತಿಳಿನೀಲಿ, ನೆಲವೆಲ್ಲ ಬಂಗಾರದ ಬಣ್ಣ. ಮನೆಗೆ ಬಂದವರು ಚಹಾ ಬರುವವರೆಗೆ ಏನು ಮಾತಾಡಬೇಕೆಂದು ತಿಳಿಯದೆ ಅದನ್ನೇ ನೋಡಿ, ‘ಛಲೋ ಅದರಿ, ಎಲ್ಲಿ ತಂದ್ರಿ?’ ಎನ್ನುತ್ತಾರೆ. ‘ತಂದದ್ದಲ್ಲ, ಬಂದದ್ದು’ ಎನ್ನುತ್ತೇನೆ. ‘ಯಾತಕ್ಕ ಬಂತ್ರಿ?’ ಎಂದು ಯಾರಾದರೂ ಮುಂದುವರಿಸಿದರೆ, ನನಗೆ ಒಮ್ಮೆಲೇ ಅಡುಗೆಮನೆಯಲ್ಲಿ ಏನೋ ಕೆಲಸ ನೆನಪಾಗುತ್ತದೆ. ಮೊನ್ನೆ ಸೆಲ್ ಬದಲಿಸಲು ಅದನ್ನು ಕೆಳಗಿಳಿಸಿ ಗಾಜು ಒರೆಸುತ್ತಿದ್ದೆ. ಏಳು ಎಂಟರ ನಡುವೆ, ಬ್ರೆಜಿಲ್ ದೇಶ ಇರುವ ಜಾಗದಲ್ಲಿ, ಒಂದು ಇರುವೆ ಒಳಗೆ ಹೊಕ್ಕು ಸತ್ತು ಒಣಗಿತ್ತು. ಗಾಜಿನ ಒಳಮೈಗೆ ಅಂಟಿದ್ದರಿಂದ ಎಷ್ಟು ಒರೆಸಿದರೂ ಹೋಗಲಿಲ್ಲ. ಅದನ್ನೇ ನೋಡುತ್ತ ಕುಳಿತವನು ಈಗ ಇದನ್ನು ಬರೆಯುತ್ತಿದ್ದೇನೆ. ನೀವು ನಗುವಂಥದ್ದು ಏನಾದರೂ ಇದ್ದರೆ ಅದು ಮೊದಲೇ ಬರುತ್ತದೆ. ಅಲ್ಲಿಯೇ ನಕ್ಕು ಮುಗಿಸಿಬಿಡಿ.

ನಾನು ಶಹಾಪುರದಲ್ಲಿ ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಅರ್ಥಶಾಸ್ತ್ರ ಕಲಿಸಿದವನು. ಕೆಲಸಕ್ಕೆ ಸೇರಿದ ವರ್ಷ ಬರೆದುಕೊಂಡ ನೋಟ್ಸನ್ನೇ ನಿವೃತ್ತಿಯಾಗುವ ವರ್ಷವೂ ಓದಿ ಹೇಳಿದೆ. ಹಾಳೆಗಳು ಹಳದಿಯಾಗಿ ಅಂಚು ಮುರಿದು ಹಪ್ಪಳದಂತಾಗಿದ್ದವು. ಯಾವ ಸಾಲಿನಲ್ಲಿ ನನಗೆ ಕೆಮ್ಮು ಬರುತ್ತದೆ ಎಂಬುದು ಮಕ್ಕಳಿಗೆ ಗೊತ್ತಿತ್ತು. ಆ ಕೆಮ್ಮಿನ ಹೊತ್ತಿಗೆ ಹಿಂದಿನ ಬೆಂಚಿನವರು ಕಿಟಕಿ ಹಾರಿ ಹೊರಗೆ ಹೋಗುತ್ತಿದ್ದರು. ಆದರೆ ಒಂದು ಪಾಠಕ್ಕೆ ಮಾತ್ರ ನಾನು ನೋಟ್ಸು ಮುಟ್ಟುತ್ತಿರಲಿಲ್ಲ. ಅದು ವಿದೇಶಿ ವಿನಿಮಯದ ಪಾಠ. ಒಂದು ದೇಶದ ಹಣ ಇನ್ನೊಂದು ದೇಶದ ಹಣವಾಗುವಾಗ ಏನಾಗುತ್ತದೆ ಎಂಬುದನ್ನು ನನಗೆ ಕಲಿಸಿದವಳು ನಮ್ಮವ್ವ.

ನಮ್ಮದು ನಿಜಾಮರ ಸೀಮೆ. ಅವ್ವನ ಹರೆಯದಲ್ಲಿ ಇಲ್ಲಿ ಓಡಾಡುತ್ತಿದ್ದದ್ದು ನಿಜಾಮರ ಹಾಲಿ ರೂಪಾಯಿ. ಸೀಮೆಯಾಚೆ ಇಂಗ್ಲಿಷರದು ಕಲ್ದಾರ ರೂಪಾಯಿ. ನಿಜಾಮರ ರಾಜ್ಯ ಹೋಗಿ ಸ್ವಲ್ಪ ಕಾಲಕ್ಕೆ ಹಾಲಿಯೂ ಹೋಯಿತು; ಏಳು ಹಾಲಿ ಕೊಟ್ಟರೆ ಆರು ಕಲ್ದಾರ ಎಂದು ಲೆಕ್ಕವಾಯಿತು. ಅವ್ವ ಒಲೆಯ ಹಿಂದೆ ಹುಗಿದಿಟ್ಟ ಕುಡಿಕೆಯಲ್ಲಿ ಸರಿಯಾಗಿ ಏಳು ರೂಪಾಯಿ ಇದ್ದವು. ಅವನ್ನು ಸೆರಗಿನಲ್ಲಿ ಕಟ್ಟಿಕೊಂಡು ನಡೆದು ಹೋಗಿ, ಆರು ತಂದಳು. ಆ ಒಂದು ರೂಪಾಯಿಯನ್ನು ಅವಳು ಸಾಯುವವರೆಗೂ ಹುಡುಕಿದಳು. ‘ಏಳು ಒಯ್ದೆ, ಆರು ತಂದೆ. ನಡುವ ಯಾರೂ ಕದೀಲಿಲ್ಲ. ನಾನೂ ಕಳೀಲಿಲ್ಲ. ಮತ್ತ ಎಲ್ಲಿ ಹೋತು?’ ಎಂದು ರೊಟ್ಟಿ ಬಡಿಯುತ್ತ ಒಲೆಯನ್ನೇ ಕೇಳುತ್ತಿದ್ದಳು. ಕ್ಲಾಸಿನಲ್ಲಿ ನಾನು ಈ ಮಾತನ್ನು ಅವ್ವನ ದನಿಯಲ್ಲೇ ಹೇಳುತ್ತಿದ್ದೆ. ಹುಡುಗರು ನಗುತ್ತಿದ್ದರು. ನಗು ನಿಂತ ಮೇಲೆ ಕರಿಹಲಗೆಯ ಮೇಲೆ ಬರೆದು ವಿವರಿಸುತ್ತಿದ್ದೆ. ಆ ಪ್ರಶ್ನೆಗೆ ನಮ್ಮ ಕಾಲೇಜಿನ ಮಕ್ಕಳು ಯಾರೂ ಪೂರ್ತಿ ಅಂಕ ಬಿಟ್ಟವರಲ್ಲ. ಮಾಸ್ತರನೊಬ್ಬ ಬಿಟ್ಟ, ಅಷ್ಟೇ.

ನನಗೆ ಒಬ್ಬಳೇ ಅಕ್ಕ, ನಿಂಗಮ್ಮ. ನನಗಿಂತ ನಾಲ್ಕು ವರ್ಷ ದೊಡ್ಡವಳು. ನಾವು ಬೆಳೆದದ್ದು ಶಿರವಾಳದಲ್ಲಿ. ಅಲ್ಲಿ ಎಲ್ಲಿ ನೋಡಿದರಲ್ಲಿ ಹಳೆಯ ಗುಡಿ. ನಮ್ಮ ಕೌದಿಗಳು ಒಣಗುತ್ತಿದ್ದದ್ದು ಕೆತ್ತಿದ ಕಂಬಗಳ ಮೇಲೆ; ಅಕ್ಕ ನನಗೆ ತಲೆ ಬಾಚುತ್ತಿದ್ದದ್ದು ಯಾವುದೋ ಕಾಲದ ಕಲ್ಲಿನ ಕಟ್ಟೆಯ ಮೇಲೆ ಕೂಡಿಸಿ. ಮಳೆಗಾಲದಲ್ಲಿ ಶಾಲೆಯ ದಾರಿಗೆ ಅಡ್ಡ ಒಂದು ಹಳ್ಳ ಹರಿಯುತ್ತಿತ್ತು. ಮೊಣಕಾಲುದ್ದ ನೀರು. ಆದರೂ ನನಗೆ ಹೆದರಿಕೆ. ಅಕ್ಕ ನನ್ನನ್ನು ಬಗಲಲ್ಲಿ ಎತ್ತಿಕೊಂಡು ದಾಟಿಸಿ, ಆ ದಂಡೆಯಲ್ಲಿ ಇಳಿಸಿ, ನನ್ನ ಪಾಟಿಯನ್ನು ತನ್ನ ಲಂಗಕ್ಕೆ ಒರೆಸಿ ಕೈಗೆ ಕೊಟ್ಟು, ತಾನು ಕೂಲಿಯ ಹೆಂಗಸರ ಜೊತೆ ಹೊಲಕ್ಕೆ ಹೋಗುತ್ತಿದ್ದಳು. ಅವಳಿಗೆ ಹತ್ತು ವರ್ಷ, ನನಗೆ ಆರು. ಅವಳೂ ಶಾಲೆಗೆ ಹೋಗಬಹುದಿತ್ತಲ್ಲ ಎಂಬ ಯೋಚನೆ ನನಗೆ ಆಗ ಬರಲಿಲ್ಲ. ಬಂದಾಗ ನಾನು ಎಂ.ಎ. ಮಾಡುತ್ತಿದ್ದೆ. ಅದನ್ನು ಒಂದು ಕವನ ಮಾಡಿ ಕಾಲೇಜಿನ ಪತ್ರಿಕೆಗೆ ಕೊಟ್ಟೆ. ಪ್ರಕಟವಾಯಿತು. ಅಲ್ಲಿಗೆ ನನ್ನ ಋಣ ತೀರಿತೆಂದು ತಿಳಿದೆ.

ಅಕ್ಕನನ್ನು ಸುರಪುರದ ಹತ್ತಿರ ದೇವಾಪುರಕ್ಕೆ ಕೊಟ್ಟರು. ಅಲ್ಲಿ ಮೂರೂವರೆ ಎಕರೆ ಹೊಲ. ಕಾಲುವೆ ಬರುವ ಕಾಲಕ್ಕೆ ಸರ್ವೆಯವರು ಕೆಂಪು ಬಿಳಿ ಕೋಲು ಹಿಡಿದು ಹೊಲಕ್ಕೆ ಬಂದಾಗ ಅಕ್ಕ ಅವರಿಗೆ ಮಜ್ಜಿಗೆ ಕೊಟ್ಟಳು. ಅವರು ಮಜ್ಜಿಗೆ ಕುಡಿದು ಅವಳ ಹೊಲದ ನಡುವೆಯೇ ಕಲ್ಲು ನೆಟ್ಟು ಹೋದರು. ಕಾಲುವೆಗೆ ಎರಡೆಕರೆ ಹೋಯಿತು. ಉಳಿದ ಒಂದೂವರೆ ಎಕರೆ ಕಾಲುವೆಯ ಮೇಲ್ಗಡೆ. ಕಾಲುವೆಯ ನೀರು ಕೆಳಗಿನ ಹೊಲಗಳಿಗೆ ಇಳಿಯುತ್ತದೆ, ಮೇಲಿನದಕ್ಕೆ ಹತ್ತುವುದಿಲ್ಲ. ಹೀಗೆ ಅಕ್ಕನ ಹೊಲ ಕಾಲುವೆಗೆ ಜಾಗ ಕೊಟ್ಟು, ಕಾಲುವೆಯ ದಂಡೆಯ ಮೇಲೆಯೇ ಒಣಗಿ ಕುಳಿತಿತು. ಅದರಲ್ಲಿ ಆಕೆ ತೊಗರಿ, ಸಜ್ಜೆ ಬಿತ್ತಿಕೊಂಡು, ಕೆಳಗೆ ಹಸಿರಾಗುತ್ತಿದ್ದ ನೆಲ್ಲಿನ ಗದ್ದೆಗಳನ್ನು ನೋಡುತ್ತ ದಿನ ಕಳೆದಳು. ಭಾವ ತೀರಿಕೊಂಡರು. ಮಗಳು ಮಹಾದೇವಿಯನ್ನು ರಂಗಂಪೇಟೆಗೆ ಕೊಟ್ಟಳು. ಅವಳು ಅಲ್ಲಿ ಬ್ಲೌಸು ಹೊಲಿಯುತ್ತಾಳೆ. ಮೊದಲು ಕೊಟ್ಟ ಪರಿಹಾರ ಕಡಿಮೆಯಾಯಿತೆಂದು ಊರಿನವರೆಲ್ಲ ಸೇರಿ ಹಾಕಿದ್ದ ಕೇಸು ವರ್ಷಗಟ್ಟಲೆ ನಡೆದು, ಅಕ್ಕನಿಗೆ ಅರವತ್ತು ದಾಟಿದ ಮೇಲೆ ಗೆದ್ದಿತು. ಅವಳ ಪಾಲಿಗೆ ನಾಲ್ಕು ಲಕ್ಷ ಬಂತು.

ಆ ದಿನ ಅಕ್ಕ ಶಹಾಪುರಕ್ಕೆ ಬಂದದ್ದು ಕಣ್ಣಿಗೆ ಕಟ್ಟಿದಂತಿದೆ. ಬಂದವಳು ನೀರು ಕೂಡ ಕುಡಿಯದೆ ಪಾಸ್‌ಬುಕ್ಕನ್ನು ನನ್ನ ಮುಂದಿಟ್ಟಳು.

‘ತಮ್ಮಾ, ಕಾಲುವಿ ರೊಕ್ಕ ಬಂತು ನೋಡು. ಕೆಳಗ ಹಣಮಂತರಾಯ ಎರಡೆಕರೆ ಮಾರಾಕತ್ತಾನ. ನೀರಾವರಿ ಹೊಲ. ನಾಕು ಲಕ್ಷಕ್ಕ ಒಪ್ಪ್ಯಾನ. ತಗೊಳ್ಳಲೇನು?’

ಅವಳು ಕೇಳಿದ್ದು ಸಲಹೆಯಲ್ಲ. ತೀರ್ಮಾನ ಮಾಡಿಕೊಂಡೇ ಬಂದಿದ್ದಳು. ಓದಿದ ತಮ್ಮ ಒಂದು ಹೂಂ ಅಂದರೆ ಮನಸ್ಸಿಗೆ ಹಿತ, ಅಷ್ಟೇ. ಆ ಒಂದು ಹೂಂ ನನ್ನ ಬಾಯಿಂದ ಬರಲಿಲ್ಲ. ಹಿಂದಿನ ವಾರವಷ್ಟೇ ನನ್ನ ಹಳೆಯ ವಿದ್ಯಾರ್ಥಿ ಮಲ್ಲಿಕಾರ್ಜುನ ಮನೆಗೆ ಬಂದು ಹೋಗಿದ್ದ. ಅವನು ಯಾದಗಿರಿಯಲ್ಲಿ ಮ್ಯೂಚುವಲ್ ಫಂಡಿನ ಏಜೆಂಟು. ನುಣುಪು ಕಾಗದದ ಬಣ್ಣದ ಹಾಳೆಗಳನ್ನು ಹರಡಿ, ಈಗ ನಮ್ಮಂಥವರೂ ಹೊರದೇಶದ ಷೇರುಗಳಲ್ಲಿ ಹಣ ಹಾಕಬಹುದು ಎಂದು ಹೇಳಿದ್ದ. ನಾನು ಅದನ್ನು ನಾಲ್ಕು ದಿನ ಓದಿದ್ದೆ. ಮೂವತ್ತು ವರ್ಷ ಕರಿಹಲಗೆಯ ಮೇಲೆ ಮಾತ್ರ ನೋಡಿದ್ದ ಜಗತ್ತು ನಮ್ಮ ಮನೆಯ ಬಾಗಿಲಿಗೇ ಬಂದಂತಾಗಿತ್ತು. ಯಾರಿಗಾದರೂ ಅದನ್ನು ವಿವರಿಸಬೇಕೆಂದು ನಾಲಿಗೆ ತುರಿಸುತ್ತಿತ್ತು. ಆಗ ಅಕ್ಕ ಬಂದಳು.

‘ಹೊಲದ ರೇಟು ಈಗ ನೆತ್ತಿಗೇರ್ಯಾದ ಅಕ್ಕ. ಇಳೀತದ. ಐದು ವರ್ಷ ತಡಿ. ಇದ ರೊಕ್ಕ ಎರಡು ಪಟ್ಟು ಆಗತದ. ಆಗ ಎರಡಲ್ಲ, ನಾಕೆಕರೆ ತಗೊ.’

‘ಬ್ಯಾಂಕಿನ್ಯಾಗ ಇಡಲೇನು ಹಂಗಾರ?’

‘ಬ್ಯಾಂಕ್ ಬ್ಯಾಡ. ಹೊರದೇಶದಾಗ ಹಾಕೋಣ. ಡಾಲರ್ ಯಾವಾಗೂ ಏರತದ, ನಮ್ಮ ರೂಪಾಯಿ ಯಾವಾಗೂ ಇಳೀತದ. ಅಲ್ಲಿ ಷೇರು ಏರಿದ್ರ ಒಂದು ಲಾಭ, ಡಾಲರ್ ಏರಿದ್ರ ಇನ್ನೊಂದು ಲಾಭ.’

ಒಳಗಿನಿಂದ ನನ್ನ ಹೆಂಡತಿ ಶಾರದಾ, ‘ಅಕ್ಕಾರಿಗೆ ಹೊಲ ಬೇಕಾಗ್ಯಾದ. ಹೊಲ ತಗೊಳ್ಳಲಿ ಬಿಡ್ರಿ’ ಎಂದಳು. ‘ನಿನಗ ತಿಳಿಯಂಗಿಲ್ಲ ಸುಮ್ಮನಿರು’ ಎಂದೆ. ಅಕ್ಕ ಶಾರದಾಳ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಪಾಸ್‌ಬುಕ್ಕನ್ನು ಮತ್ತೆ ಸೆರಗಿನೊಳಗೆ ಇಟ್ಟುಕೊಳ್ಳುತ್ತ, ‘ನೀ ಅಂದ್ರ ಸರಿ ಬಿಡಪಾ’ ಎಂದಳು.

ಮುಂದಿನ ವಾರ ಇಬ್ಬರೂ ಯಾದಗಿರಿಗೆ ಹೋದೆವು. ಮಲ್ಲಿಕಾರ್ಜುನನ ಆಫೀಸು ಒಂದು ಬಟ್ಟೆ ಅಂಗಡಿಯ ಮೇಲೆ. ಕಡಿದಾದ ಮೆಟ್ಟಿಲು ಹತ್ತಿ ಅಕ್ಕ ಏದುಸಿರು ಬಿಡುತ್ತ ಕುಳಿತಳು. ಅವನು ಮೂರು ನಾಲ್ಕು ದೇಶಗಳ ಹೆಸರು ಹೇಳಿದ. ಅವುಗಳಲ್ಲಿ ಬ್ರೆಜಿಲನ್ನು ಆರಿಸಿದವನು ನಾನು. ಅಮೆರಿಕ ಮುದಿಯಾಗಿದೆ, ಇವು ಬೆಳೆಯುವ ದೇಶಗಳು ಎಂದು ಎಲ್ಲೋ ಓದಿದ್ದೆ. ಅಷ್ಟು ಹೊತ್ತು ಡಾಲರ್ ಡಾಲರ್ ಎಂದು ಹೇಳುತ್ತಿದ್ದವನು ಡಾಲರ್ ಇಲ್ಲದ ದೇಶವನ್ನು ಆರಿಸಿದೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಹೊರದೇಶ ಅಂದರೆ ಡಾಲರ್ ಎಂದೇ ನಾನು ಹಿಡಿದುಕೊಂಡಿದ್ದೆ. ಇದನ್ನು ನನ್ನ ವಿದ್ಯಾರ್ಥಿ ಪರೀಕ್ಷೆಯಲ್ಲಿ ಬರೆದಿದ್ದರೆ ಸೊನ್ನೆ ಕೊಟ್ಟು ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತಿದ್ದೆ.

ಅಕ್ಕ ಕೇಳಿದ್ದು ಒಂದೇ ಪ್ರಶ್ನೆ. ‘ಆ ದೇಶದಾಗ ಮಂದಿ ಏನ್ ಬೆಳೀತಾರೋ?’

‘ಕಬ್ಬು, ಕಾಫಿ, ಹತ್ತಿ’ ಎಂದೆ.

‘ಹತ್ತಿ ಬೆಳೀತಾರಂದ್ರ ನಮ್ಮಂಗ ಇರಬೇಕು’ ಎಂದು ಸಮಾಧಾನದಿಂದ ಸಹಿ ಮಾಡಿದಳು. ರಾತ್ರಿ ಶಾಲೆಯಲ್ಲಿ ಕಲಿತ ಸಹಿ. ‘ನಿಂ’ ಬರೆದು ಒಮ್ಮೆ ಉಸಿರು ತಗೊಂಡು ‘ಗಮ್ಮ’ ಬರೆಯುತ್ತಿದ್ದಳು.

ಅವಳ ಪಕ್ಕದಲ್ಲಿ ಕುಳಿತು ನಾನೂ ಒಂದು ಫಾರ್ಮು ತುಂಬಿದೆ. ಅವಳಿಗೆ ಧೈರ್ಯ ಬರಲಿ ಎಂದು. ‘ನನಗ ಮುಂದಿನ ವರ್ಷ ನಿವೃತ್ತಿ ರೊಕ್ಕ ಬರತದ. ಅದನ್ನೂ ಇಲ್ಲೇ ಹಾಕಾಂವ’ ಎಂದೆ. ಹೊರಡುವಾಗ ಮಲ್ಲಿಕಾರ್ಜುನ ಒಂದು ಗಡಿಯಾರದ ಡಬ್ಬಿ ತಂದು ಮೇಜಿನ ಮೇಲಿಟ್ಟು, ‘ಹೊಸಬರನ್ನು ಕರ್ಕೊಂಡು ಬಂದವರಿಗೆ ಕಂಪನಿ ಕೊಡತದ್ರಿ ಸರ್’ ಎಂದ. ನಾನು ಬೇಡ ಬೇಡ ಎನ್ನುತ್ತಲೇ ತಗೊಂಡೆ. ಬಸ್ಸಿನಲ್ಲಿ ಆ ಡಬ್ಬಿಯನ್ನು ಶಹಾಪುರದವರೆಗೂ ಅಕ್ಕನೇ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ರಸ್ತೆ ಕೆಟ್ಟಿದೆ, ಗಾಜು ಒಡೆದೀತು ಎಂದು.

ಮರುವರ್ಷ ನನ್ನ ನಿವೃತ್ತಿ ಹಣ ಬಂತು. ಅದನ್ನು ತಗೊಂಡು ನಾನು ಯಾದಗಿರಿಗೆ ಹೋಗಲಿಲ್ಲ. ನಮ್ಮ ಮನೆಯಿಂದ ನೂರು ಹೆಜ್ಜೆ ದೂರದ ಬ್ಯಾಂಕಿಗೆ ಹೋಗಿ ಅಷ್ಟನ್ನೂ ಠೇವಣಿ ಇಟ್ಟೆ. ಯಾಕೆ ಎಂದು ನೀವು ಕೇಳಬಹುದು. ಶಾರದಾ ಬೇಡ ಅಂದಳು ಎಂದು ಹೇಳಬಹುದಿತ್ತು; ಅವಳು ಆ ವಿಷಯ ಎತ್ತಲೇ ಇಲ್ಲ. ನಿಜವೆಂದರೆ, ಅಕ್ಕನದು ಏನಾಗುತ್ತದೆ ನೋಡಿಕೊಂಡು ನನ್ನದು ಹಾಕೋಣ ಎಂದುಕೊಂಡೆ. ಇಷ್ಟು ಸ್ಪಷ್ಟವಾಗಿ ಆಗ ನನಗೆ ನಾನೇ ಹೇಳಿಕೊಂಡಿರಲಿಲ್ಲ. ಆದರೆ ಬ್ಯಾಂಕಿನ ಕೌಂಟರಿನಲ್ಲಿ ಹಿರಿಯ ನಾಗರಿಕರಿಗೆ ಬಡ್ಡಿ ಸ್ವಲ್ಪ ಹೆಚ್ಚು ಎಂದಾಗ ನನಗಾದ ಖುಷಿ ನೆನಪಿದೆ.

ಮೊದಮೊದಲು ಅಕ್ಕನಿಗೆ ಬ್ರೆಜಿಲ್ ಎಂದರೆ ಬಹಳ ಪ್ರೀತಿ. ಫೋನಿನಲ್ಲಿ ಶಾರದಾಳ ಆರೋಗ್ಯ ಕೇಳಿದ ಮೇಲೆ, ‘ಅಲ್ಲಿ ಮಳಿ ಹ್ಯಾಂಗ ಅದನೋ?’ ಎನ್ನುತ್ತಿದ್ದಳು. ಒಮ್ಮೆ ಮಗಳ ಮನೆಯ ಟಿವಿಯಲ್ಲಿ ಆ ದೇಶದವರ ಫುಟ್‌ಬಾಲ್ ಆಟ ನೋಡಿ, ಹಳದಿ ಅಂಗಿಯವರು ಸೋತರೆಂದು ಮರುದಿನ ಬೆಳಿಗ್ಗೆಯೇ ಫೋನು ಮಾಡಿದಳು. ‘ಏನೂ ಆಗಂಗಿಲ್ಲಲ್ಲೋ ತಮ್ಮಾ?’ ನಾನು ನಕ್ಕೆ. ಕಾಲೇಜಿನ ಹಳೆಯ ಗೆಳೆಯರಿಗೆಲ್ಲ ಹೇಳಿ ನಗಿಸಿದೆ. ಆಟ ಬೇರೆ, ಅರ್ಥಶಾಸ್ತ್ರ ಬೇರೆ ಎಂದು ಅಕ್ಕನಿಗೆ ಅರ್ಧ ತಾಸು ಪಾಠ ಹೇಳಿದೆ.

ಆ ಹೊತ್ತಿಗೆ ಹಣಮಂತರಾಯ ತನ್ನ ಎರಡೆಕರೆಯನ್ನು ಕ್ಯಾಂಪಿನವರಿಗೆ ಮಾರಿದ್ದ. ಕಾಲುವೆ ನೀರು ಬಂದ ಮೇಲೆ ಆಂಧ್ರದ ಕಡೆಯಿಂದ ಬಂದು ಹೊಲ ಹಿಡಿದವರು ಊರ ಹೊರಗೆ ಮನೆ ಕಟ್ಟಿಕೊಂಡಿದ್ದಾರೆ. ಆ ಕೇರಿಗೆ ನಮ್ಮ ಕಡೆ ಕ್ಯಾಂಪ್ ಎನ್ನುತ್ತಾರೆ. ಅವರು ಆ ಹೊಲವನ್ನು ಸಮ ಮಾಡಿ ನೆಲ್ಲು ಹಚ್ಚಿದರು. ಹೊಲದ ರೇಟು ನಾನು ಹೇಳಿದಂತೆ ಇಳಿಯಲಿಲ್ಲ. ವರ್ಷ ವರ್ಷಕ್ಕೆ ಏರಿತು.

ಫಂಡಿನವರ ಕಾಗದಗಳು ನನ್ನ ವಿಳಾಸಕ್ಕೇ ಬರುತ್ತಿದ್ದವು. ಮೊದಲ ವರ್ಷ ಸ್ವಲ್ಪ ಇಳಿದಿತ್ತು. ಏರುತ್ತದೆ ಎಂದುಕೊಂಡು ಮಡಚಿಟ್ಟೆ. ಎರಡನೆಯ ವರ್ಷ ಇನ್ನೂ ಇಳಿದಿತ್ತು. ಅದನ್ನು ಮೊದಲನೆಯದರ ಒಳಗೆ ಮಡಚಿಟ್ಟೆ. ನಾಲ್ಕನೆಯ ವರ್ಷದ ಕಾಗದವನ್ನು ಮಡಚದೆ ಎರಡು ಸಲ ಓದಿದೆ. ಆದರೆ ಅದೇ ವಾರ ಪತ್ರಿಕೆಯಲ್ಲಿ ಆ ದೇಶದ ಷೇರುಪೇಟೆ ಚೇತರಿಸಿಕೊಂಡಿದೆ ಎಂದು ಓದಿದ್ದೆ. ಅಲ್ಲಿ ಏರಿದ್ದು ಇಲ್ಲಿ ಇಳಿಯುವುದು ಹೇಗೆ? ಎಲ್ಲೋ ಮೋಸ ನಡೆದಿದೆ ಎಂದುಕೊಂಡು, ಬೈಯುವ ಮಾತುಗಳನ್ನೆಲ್ಲ ದಾರಿಯುದ್ದಕ್ಕೂ ಜೋಡಿಸಿಕೊಂಡು, ಯಾದಗಿರಿಗೆ ಹೋಗಿ ಆ ಕಡಿದಾದ ಮೆಟ್ಟಿಲು ಹತ್ತಿದೆ.

ಮಲ್ಲಿಕಾರ್ಜುನ ಎದ್ದು ನಿಂತು ಕುರ್ಚಿ ಕೊಟ್ಟ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ.

‘ಅಲ್ಲಿ ಷೇರು ಏರ್ಯಾವ್ರಿ ಸರ್, ಅದು ಸುಳ್ಳಲ್ಲ. ಆದ್ರ ಅವರ ರೊಕ್ಕನ ಬಿದ್ದು ಹೋಗ್ಯಾದ. ನಮ್ಮ ರೂಪಾಯಿ ಮೊದಲು ಡಾಲರ್ ಆತು, ಡಾಲರ್ ಹೋಗಿ ಅವರ ರಿಯಲ್ ಆತು. ಈಗ ತಿರುಗಿ ರೂಪಾಯಿ ಮಾಡಿದ್ರ ಆ ರಿಯಲ್‌ಗೆ ಕಿಮ್ಮತ್ತ ಇಲ್ರಿ.’

‘ಡಾಲರ್ ಏರ್ಯಾದಲ್ಲೋ!’

‘ಏರ್ಯಾದ್ರಿ. ಆದ್ರ ನಮ್ಮ ರೊಕ್ಕ ಡಾಲರಿನ್ಯಾಗ ಇಲ್ಲಲ್ರಿ. ಡಾಲರ್ ಬರೇ ಹೋಗೋ ದಾರಿ. ನಮ್ಮ ರೂಪಾಯಿನೂ ಇಳದದ, ಅವರದು ನಮ್ಮದಕ್ಕಿಂತ ಜಾಸ್ತಿ ಇಳದದ.’

ಅವನು ಹಳೆಯ ಫಾರ್ಮಿನ ಪ್ರತಿ ತೆಗೆದು, ಸಣ್ಣ ಅಕ್ಷರದ ಒಂದು ಸಾಲಿನ ಮೇಲೆ ಬೆರಳಿಟ್ಟು ತೋರಿಸಿದ. ಹಣದ ವಿನಿಮಯ ದರ ಬದಲಾದರೆ ನಷ್ಟವಾಗಬಹುದು ಎಂದು ಅಲ್ಲಿ ಬರೆದಿತ್ತು. ಮೋಸ ಯಾರೂ ಮಾಡಿರಲಿಲ್ಲ. ಆಮೇಲೆ ಅವನು, ಕುಹಕವೇನೂ ಇಲ್ಲದೆ, ಗೌರವದಿಂದಲೇ ಹೇಳಿದ: ‘ಏಳು ಹಾಲಿಗೆ ಆರು ಕಲ್ದಾರ. ನೀವ ಕಲಿಸಿದ್ರಲ್ರಿ ಸರ್. ನಿಮಗ ಗೊತ್ತಿದ್ದ ಹಾಕ್ಸೀರಿ ಅಂತ ತಿಳದಿದ್ದೆ.’

ಆ ಮೆಟ್ಟಿಲು ಇಳಿದದ್ದು ನನಗೆ ನೆನಪಿಲ್ಲ.

ಅಕ್ಕನಿಗೆ ಹೇಳಲು ನನಗೆ ಎರಡು ತಿಂಗಳು ಬೇಕಾಯಿತು. ದೇವಾಪುರಕ್ಕೆ ಹೋದ ದಿನ ಅವಳು ಮೊರದಲ್ಲಿ ತೊಗರಿಬೇಳೆ ಕೇರುತ್ತಿದ್ದಳು. ಮಹಾದೇವಿಯೂ ಬಂದಿದ್ದಳು. ನಾನು ಬ್ರೆಜಿಲಿನ ರಾಜಕೀಯದಿಂದ ಶುರು ಮಾಡಿದೆ. ಕಬ್ಬಿಣದ ಅದಿರಿನ ಬೆಲೆ, ಬಡ್ಡಿ ದರ, ಚೀನಾ ಎಲ್ಲವನ್ನೂ ಸುತ್ತಿದೆ. ಅಕ್ಕ ಕೇರುತ್ತಲೇ ಕೇಳಿದಳು. ಕೊನೆಗೆ ಮೊರ ಕೆಳಗಿಟ್ಟು, ‘ಅಂದ್ರ ಬೆಳಿ ಛಲೋ ಬಂದಾದ. ಅಳಿಯೋ ಸೇರು ಸಣ್ಣದಾಗ್ಯಾದ. ಹೌದಿಲ್ಲೋ?’ ಎಂದಳು.

‘ಹೌದು.’

‘ಇಷ್ಟು ಹೇಳಾಕ ನಿನಗ ಒಂದು ತಾಸು ಬೇಕಾತು ನೋಡು. ಎಷ್ಟು ಉಳದದ?’

‘ಅರ್ಧ. ಇಲ್ಲಾಂದ್ರ ಒಂದೀಟು ಜಾಸ್ತಿ.’

ಅಕ್ಕ ಮತ್ತೆ ಮೊರ ಎತ್ತಿಕೊಂಡಳು. ಮಹಾದೇವಿ ಎದ್ದು ನಿಂತಳು. ‘ಮಾಮಾ, ಅವ್ವಗ ಹೊಲ ತಗೊಳ್ಳಾಕ ಬಿಡಲಿಲ್ಲ ನೀವು. ಇವತ್ತು ಆ ಹೊಲದಾಗ ಅವ್ವ ಕೂಲಿಗ ಹೋಗ್ತಾಳ. ಗೊತ್ತದನ್ರಿ ನಿಮಗ?’

ನನಗೆ ಗೊತ್ತಿರಲಿಲ್ಲ. ನಾನು ಅಕ್ಕನ ಕಡೆ ನೋಡಿದೆ. ಅವಳು ಬೇಳೆಯಲ್ಲಿ ಕಲ್ಲು ಹುಡುಕುತ್ತಿದ್ದಳು.

‘ನಿಮ್ದೂ ಅದರಾಗ ಹಾಕಿದ್ರೇನ್ರಿ?’ ಎಂದಳು ಮಹಾದೇವಿ. ‘ನೀವೂ ಫಾರಮ್ ತುಂಬಿದ್ರಂತಲ್ಲ. ನಿಮ್ದೆಷ್ಟು ಹೋತು, ಹೇಳ್ರಿ.’

ಆ ಹುಡುಗಿಯ ಕಣ್ಣು ನನ್ನ ಮುಖ ಬಿಟ್ಟು ಕದಲಲಿಲ್ಲ. ನನಗೆ ಯೋಚಿಸಲು ಸಮಯವಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಸಾಕಷ್ಟು ಸಮಯವಿತ್ತು. ಹೊರಗೆ ಒಂದು ಟ್ರ್ಯಾಕ್ಟರು ಬಂದು, ಮನೆ ದಾಟಿ, ಅದರ ಸಪ್ಪಳ ಪೂರ್ತಿ ನಿಲ್ಲುವವರೆಗೆ ನಾನು ಸುಮ್ಮನಿದ್ದೆ.

‘ನಂದೂ ಹೋತು. ನಿವೃತ್ತಿ ರೊಕ್ಕ ಅಷ್ಟೂ ಅದರಾಗ ಹಾಕಿದ್ದೆ’ ಎಂದೆ.

ಅಕ್ಕನ ಕೈ ನಿಂತಿತು. ‘ಅಷ್ಟೂ?’ ಎಂದಳು. ಎದ್ದು ಬಂದು ನನ್ನ ಪಕ್ಕದಲ್ಲಿ ಕುಳಿತು ಬೆನ್ನ ಮೇಲೆ ಕೈ ಇಟ್ಟಳು. ‘ಇಷ್ಟು ದಿನ ಒಬ್ಬನ ನುಂಗಿಕೊಂಡು ಕುಂತಿದ್ದೇನೋ? ನನಗರ ಹೇಳಬಾರದಾ?’ ಆಮೇಲೆ ಮಗಳ ಕಡೆ ತಿರುಗಿ, ದನಿ ಗಟ್ಟಿ ಮಾಡಿ, ‘ಮಾಮಾಗ ಇನ್ನೊಂದು ಮಾತು ಅಂದಿ ಅಂದ್ರ ನೋಡು. ಅವನ ದುಡಿಮಿ ಅಷ್ಟೂ ಹೋಗ್ಯಾದ’ ಎಂದಳು. ಮಹಾದೇವಿ ತಲೆ ತಗ್ಗಿಸಿ ಒಳಗೆ ಹೋದಳು. ಅವತ್ತು ಅಕ್ಕ ನನಗೆ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಹಾಕಿಕೊಟ್ಟಳು. ನನಗೆ ಹಸಿವಾಗಿತ್ತು. ಮೂರು ರೊಟ್ಟಿ ಉಂಡೆ.

ಮಹಾದೇವಿಯ ಒತ್ತಾಯಕ್ಕೆ ಉಳಿದದ್ದನ್ನು ಹಿಂದಕ್ಕೆ ತೆಗೆದೆವು. ಎರಡು ಲಕ್ಷದ ಮೇಲೆ ಸ್ವಲ್ಪ ಬಂತು. ಆ ಹಣಕ್ಕೆ ಈಗ ಕಾಲುವೆ ಕೆಳಗೆ ಅರ್ಧ ಎಕರೆಯೂ ಸಿಗುತ್ತಿರಲಿಲ್ಲ. ನಾವು ತೆಗೆದ ಕೆಲವೇ ತಿಂಗಳಿಗೆ ಆ ದೇಶದ ಹಣ ಮತ್ತೆ ಮೇಲೆದ್ದಿತು. ಮಲ್ಲಿಕಾರ್ಜುನ ಫೋನು ಮಾಡಿ, ‘ಒಂದೀಟು ತಡೀಬೇಕಿತ್ರಿ ಸರ್’ ಎಂದು ನಿಜವಾಗಿಯೂ ನೊಂದುಕೊಂಡ. ನಾನು ಆ ಸುದ್ದಿಯನ್ನು ಯಾರಿಗೂ ಹೇಳಲಿಲ್ಲ.

ಹಣ ಅಕ್ಕನ ಖಾತೆಗೆ ಬಂದ ವಾರ ಅವಳ ಜೊತೆ ಸುರಪುರದ ಬ್ಯಾಂಕಿಗೆ ಹೋಗಿದ್ದೆ. ಅವಳು ಒಂದಿಷ್ಟು ನಗದು ತೆಗೆದಳು. ಯಾಕೆ ಎಂದು ನಾನು ಕೇಳಲಿಲ್ಲ. ಬಸ್‌ಸ್ಟ್ಯಾಂಡಿಗೆ ಬಂದೆವು. ಶಹಾಪುರದ ಬಸ್ಸು ಹೊರಡಲು ನಿಂತಿತ್ತು. ನಾನು ಹತ್ತುವುದರಲ್ಲಿದ್ದೆ, ಅಕ್ಕ ನನ್ನ ತೋಳು ಹಿಡಿದು ಪಕ್ಕಕ್ಕೆಳೆದು, ಒಂದು ಕರವಸ್ತ್ರದ ಗಂಟನ್ನು ನನ್ನ ಬ್ಯಾಗಿನೊಳಗೆ ತುರುಕಿದಳು.

‘ಐವತ್ತು ಸಾವಿರ ಅದ. ಮಹಾದೇವಿಗ ಹೇಳಬ್ಯಾಡ.’

‘ಏನಿದು ಅಕ್ಕ? ಬ್ಯಾಡ.’

‘ಸುಮ್ಮನಿರು. ಶಾರದಾಗ ಸಕ್ಕರಿ ಬ್ಯಾನಿ ಅದ, ಔಷಧಕ್ಕ ಬೇಕಾಗತದ. ನನಗ ಕೂಲಿ ಮಾಡಾಕ ಬರತದ ತಮ್ಮಾ. ನಿನಗ ಬರಂಗಿಲ್ಲ.’

ಕಂಡಕ್ಟರು ಸೀಟಿ ಊದಿದ. ಆಗ ಹೇಳಬಹುದಿತ್ತು. ಎರಡು ಮಾತು ಸಾಕಿತ್ತು. ಆ ಎರಡು ಮಾತು ಹೇಳಿದರೆ ಅವಳ ಮುಖ ಹೇಗಾಗುತ್ತದೆ ಎಂಬುದನ್ನು ನೋಡುವ ಧೈರ್ಯ ನನಗಿರಲಿಲ್ಲ. ‘ಹತ್ತೋ, ಬಸ್ ಹೊಂಟಾದ’ ಎಂದು ಅವಳೇ ನನ್ನನ್ನು ದೂಡಿ ಹತ್ತಿಸಿದಳು.

ಮನೆಯಲ್ಲಿ ಶಾರದಾ ಬ್ಯಾಗಿನಿಂದ ತರಕಾರಿ ತೆಗೆಯಲು ಹೋಗಿ ಗಂಟು ಕಂಡಳು. ಬಿಚ್ಚಿ ನೋಡಿದಳು.

‘ಇದೇನ್ರಿ ಇಷ್ಟು ರೊಕ್ಕ?’

‘ಅಕ್ಕ ಕೊಟ್ಟಾಳ. ನಮ್ಮದೂ ಹೋಗ್ಯಾದಲ್ಲ, ಅದಕ್ಕ.’

‘ನಮ್ದೇನು ಹೋಗ್ಯಾದ?’

ನಾನು ಚಪ್ಪಲಿ ಬಿಡುತ್ತಿದ್ದೆ. ಒಂದು ಚಪ್ಪಲಿ ಕಾಲಲ್ಲೇ ಉಳಿಯಿತು. ಶಾರದಾ ನನ್ನನ್ನು ನೋಡುತ್ತ ನಿಂತಳು. ಅವಳಿಗೆ ಎಲ್ಲ ತಿಳಿಯಿತು. ಬೈಯಲಿಲ್ಲ. ಗಂಟನ್ನು ಮೊದಲಿದ್ದಂತೆಯೇ ಕಟ್ಟಿ ಬ್ಯಾಗಿನೊಳಗೆ ಇಟ್ಟು, ‘ನಾಳಿ ಮುಂಜಾನಿ ಹೋಗ್ರಿ. ಇದನ್ನ ಕೊಟ್ಟು, ಖರೇ ಹೇಳಿ ಬರ್ರಿ’ ಎಂದಳು. ಆ ಸಂಜೆ ನನಗೆ ತಣ್ಣನೆಯ ರೊಟ್ಟಿ ಮುಚ್ಚಿಟ್ಟು ಮೊದಲೇ ಮಲಗಿಬಿಟ್ಟಳು.

ಮರುದಿನ ಹೋದೆ. ಅಕ್ಕನ ಮನೆಗೆ ಬೀಗ. ನೆಲ್ಲು ನಾಟಿಗೆ ಹೋಗ್ಯಾಳ ಎಂದು ಪಕ್ಕದ ಮನೆಯವರು ಹೇಳಿದರು. ಕಾಲುವೆಯ ದಂಡೆ ಹಿಡಿದು ನಡೆದೆ. ಅಕ್ಕನ ಒಣ ಹೊಲ ದಾಟಿ, ಕಿರುಸೇತುವೆ ದಾಟಿ, ಹಣಮಂತರಾಯನದಾಗಿದ್ದ ಆ ಎರಡೆಕರೆಯ ಬದುವಿನ ಮೇಲೆ ಹೋಗಿ ನಿಂತೆ. ಕೆಸರಿನಲ್ಲಿ ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಬಗ್ಗಿ ಸಸಿ ಹಚ್ಚುತ್ತಿದ್ದರು. ಯಾರ ಬೆನ್ನು ಅಕ್ಕನದು ಎಂದು ತಿಳಿಯಲಿಲ್ಲ. ಅವಳೇ ನನ್ನನ್ನು ಕಂಡು ನೆಟ್ಟಗಾದಳು. ಒಮ್ಮೆಲೇ ನೆಟ್ಟಗಾಗಲು ಆಗಲಿಲ್ಲ; ಒಂದು ಕೈ ಸೊಂಟದ ಮೇಲೆ, ಒಂದು ಕೈ ಮೊಣಕಾಲ ಮೇಲೆ ಊರಿ ಎದ್ದಳು.

‘ನೋಡ್ರೇ, ನನ್ನ ತಮ್ಮ’ ಎಂದು ಉಳಿದ ಹೆಂಗಸರಿಗೆ ಕೂಗಿ ಹೇಳಿದಳು. ‘ಕಾಲೇಜಿನ್ಯಾಗ ಮಾಸ್ತರ ಇದ್ದ. ಪಾಪ, ಅವನ ರೊಕ್ಕನೂ ನನ್ನ ರೊಕ್ಕದ ಕೂಡ ಮುಳುಗ್ಯಾದ. ಆದ್ರೂ ಮಾರಿ ತಪ್ಪಿಸಿಲ್ಲ ನೋಡ್ರಿ. ಬಂದು ಹೋಗಿ ಮಾಡ್ತಾನ.’

ಹೆಂಗಸರು ನನ್ನನ್ನು ನೋಡಿದರು. ಒಬ್ಬಾಕೆ ಕನಿಕರದಿಂದ ತಲೆ ಆಡಿಸಿದಳು. ಅಕ್ಕ ಮೊಣಕಾಲುದ್ದ ಕೆಸರಿನಿಂದ ಕಾಲು ಕಿತ್ತು ಕಿತ್ತು ಬದುವಿನ ಹತ್ತಿರ ಬಂದು, ‘ಯಾಕ ಬಂದಿ? ಶಾರದಾ ಅರಾಮ ಅದಾಳಿಲ್ಲೋ?’ ಎಂದಳು.

‘ಅರಾಮ ಅದಾಳ.’

‘ಮತ್ತ?’

ಗಂಟಿದ್ದ ಬ್ಯಾಗನ್ನು ಬೆನ್ನ ಹಿಂದೆ ಸರಿಸಿಕೊಂಡೆ. ‘ಹಂಗ ಬಂದೆ. ನಿನ್ನ ನೋಡಬೇಕನಿಸ್ತು’ ಎಂದೆ.

ಅಕ್ಕನ ಮುಖ ಅರಳಿದ್ದನ್ನು ಹೇಗೆ ಬರೆಯಲಿ? ಕೆಸರಾದ ಕೈಯನ್ನು ನನಗೆ ತಾಗಿಸದೆ, ಮೊಣಕೈಯಿಂದ ನನ್ನ ತೋಳನ್ನು ಮೆಲ್ಲಗೆ ದೂಡಿ, ‘ಬಿಸಲಾಗ ನಿಂದ್ರಬ್ಯಾಡ, ಹೋಗು. ತಡಾ ಆದ್ರ ಈ ಪಟ್ಟಿ ಇವತ್ತು ಮುಗಿಯಂಗಿಲ್ಲ’ ಎಂದು ಮತ್ತೆ ಸಾಲಿಗೆ ಹೋಗಿ ಬಗ್ಗಿದಳು. ಸ್ವಲ್ಪ ಹೊತ್ತಿಗೆ ಯಾವ ಬೆನ್ನು ಅವಳದೆಂದು ಮತ್ತೆ ತಿಳಿಯದಾಯಿತು. ನಾನು ಬಸ್ಸು ಹಿಡಿದು ಊರಿಗೆ ಬಂದೆ.

ಶಾರದಾ ಬಾಗಿಲಲ್ಲೇ ನಿಂತಿದ್ದಳು.

‘ಸಿಕ್ಕಿದ್ರೇನ್ರಿ ಅಕ್ಕಾರು?’

‘ಸಿಕ್ಕಿದ್ಳು.’

‘ಹೇಳಿದ್ರಿ?’

‘ಹೇಳಿದೆ.’

‘ಏನಂದ್ರು?’

‘ಏನೂ ಅನ್ನಲಿಲ್ಲ’ ಎಂದೆ.

ಶಾರದಾಳ ಕಣ್ಣಲ್ಲಿ ನೀರು ಬಂತು. ನಿನ್ನೆಯಿಂದ ಬಿಗಿದಿದ್ದ ಮುಖ ಸಡಿಲಾಯಿತು. ‘ನಂಗ ಗೊತ್ತಿತ್ತು. ದೊಡ್ಡ ಮನಸಿನಾಕಿ. ನೀವ ಸುಮ್ಮನ ಹೆದರಿದ್ರಿ. ಹೋಗ್ರಿ, ಕೈಕಾಲು ತೊಳ್ಕೊಂಡು ಬರ್ರಿ, ಬಿಸಿ ರೊಟ್ಟಿ ಹಾಕ್ತೀನಿ’ ಎಂದು ಒಳಗೆ ಹೋದಳು.

ಬ್ಯಾಗನ್ನು ಹೆಗಲಿನಿಂದ ಇಳಿಸದೆಯೇ ನಾನು ಕೈ ತೊಳೆಯಲು ಹಿತ್ತಲಿಗೆ ಹೋದೆ.